ಬಾಗಿಲಿಗೆ ಹಿಡಿಸದ ಒಲೆ

ಹೊಸ ಒಲೆ ಅಡುಗೆಮನೆಯ ಬಾಗಿಲಿಗಿಂತ ನಾಲ್ಕು ಬೆರಳು ಅಗಲವಾಗಿದ್ದದ್ದೇ ಎಲ್ಲಕ್ಕೂ ಮೂಲ. ತಂದವರು ಅದನ್ನು ಅಂಗಳದಲ್ಲಿ ಇಳಿಸಿ, ಟೀ ಕುಡಿದು ಹೋಗಿಬಿಟ್ಟರು. ಒಲೆ ಟಾರ್ಪಾಲು ಹೊದ್ದುಕೊಂಡು, ಒಳಗೆ ಕರೆಯದ ಬೀಗರ ಹಾಗೆ ಮುಖ ಊದಿಸಿಕೊಂಡು ಮಳೆಯಲ್ಲಿ ನಿಂತಿತ್ತು.

"ನಾಳೆ ಬಾಗಿಲು ಒಡೆಸ್ತೀನಿ ಕಣೇ," ಎಂದ ಆಂಬ್ರೋಸ್.

"ಒಡೆಸ್ತೀರಿ! ಇವತ್ತು ಪುರಾತತ್ವದ ಮೇಡಂ ಬರ್ತಾಳೆ. ಪಾಳುಮಠದ ಕಲ್ಲು ಯಾರ ಮನೇಲಿದ್ರೂ ಆ ಮನೆಗೆ ಒಂದು ಮೊಳೆ ಹೊಡೆಯೋ ಹಾಗಿಲ್ಲವಂತೆ. ಹೊಸಿಲ ಹತ್ರ ಇರೋ ಆ ಮೂಗಿಲ್ಲದ ಸನ್ಯಾಸಿ ತಲೇನ ಏನ್ಮಾಡ್ತೀರಿ?" ಎಂದಳು ಹೆಂಡತಿ ಹೆಟ್ಟಿ.

ಹಿಂದೊಬ್ಬ ರಾಜ ಸನ್ಯಾಸಿಗಳನ್ನು ಓಡಿಸಿದ ಮೇಲೆ, ಊರವರು ಮಠದ ಕಲ್ಲುಗಳನ್ನು ಬಹಳ ಭಕ್ತಿಯಿಂದ ಹೊತ್ತು ತಂದು ಕಾಪಾಡಿದ್ದರು. ಕೆಲವರು ಹಂದಿಗೂಡಿನಲ್ಲಿ, ಕೆಲವರು ಕಕ್ಕಸಿನಲ್ಲಿ.

ಮೇಡಂ ಬರುವ ಮೊದಲೇ ವಾಪಸ್ ಇಟ್ಟುಬಿಡೋಣವೆಂದು ಆಂಬ್ರೋಸ್ ಆ ಕಲ್ಲಿನ ತಲೆಯನ್ನು ಕೈಗಾಡಿಗೆ ಹಾಕಿ, ಗೋಣಿ ಮುಚ್ಚಿ, ಮಠಕ್ಕೆ ತಳ್ಳಿಕೊಂಡು ಹೊರಟ.

"ಏನಪ್ಪಾ, ಆಲೂಗಡ್ಡೆಯಾ?" ಅಂಗಡಿಯ ಮಿಸೆಸ್ ಗೋಲ್ಡ್‌ಬಿ ಬಾಗಿಲಲ್ಲೇ ಕಾದಿದ್ದಳು.

"ಹ್ಞೂಂ, ಆಲೂಗಡ್ಡೆ."

"ಕಿವಿ ಬಂದಿದೆಯಲ್ಲೋ ಅದಕ್ಕೆ! ಹೇಗೂ ಹೋಗ್ತಿದ್ದೀಯ, ನಮ್ಮ ಕಲ್ಲಿನ ದೇವದೂತನ್ನೂ ಹಾಕ್ಕೊ. ಚೀಸ್ ಗಟ್ಟಿಯಾಗಲಿ ಅಂತ ಅದರ ಮೇಲೆ ಭಾರಕ್ಕೆ ಇಟ್ಟಿದ್ವಿ."

ಚರ್ಚಿನ ಹಣ ನೋಡಿಕೊಳ್ಳುವ ಮಿಸ್ಟರ್ ಕ್ರಾಬ್ ಒಂದು ಕಂಬದ ಬುಡವನ್ನೇ ಉರುಳಿಸಿಕೊಂಡು ಬಂದರು. "ನಾನು ಕದ್ದದ್ದಲ್ಲಯ್ಯ. ಅದಾಗಿ ಅದೇ ನಮ್ಮ ಕೋಳಿಗೂಡಿಗೆ ಬಂದಿತ್ತು." ಆಮೇಲೆ ಬೀದಿಗೆ ಬೀದಿಯೇ ದಾನಶೂರವಾಯಿತು. ಗಾಡಿ ತುಂಬುಗರ್ಭಿಣಿಯಂತೆ ನರಳುತ್ತಾ ಮಠದ ಬಾಗಿಲು ಮುಟ್ಟಿ, ಅಲ್ಲೇ ಚಕ್ರ ಕಳಚಿ ಮಗುಚಿಕೊಂಡಿತು. ಸನ್ಯಾಸಿಯ ತಲೆ ಉರುಳಿಹೋಗಿ ನಿಂತದ್ದು ಆಗಷ್ಟೇ ಕಾರಿನಿಂದ ಇಳಿದ ಮೇಡಂ ಕಾಲ ಬಳಿ.

"ಅಯ್ಯೋ, ಎಂಥಾ ಚೆಂದ! ಇಷ್ಟೂ ಯಾರ ಮನೇಲಿದ್ವು?"

ಆಂಬ್ರೋಸ್ ಹಿಂದೆ ಬಂದಿದ್ದ ಊರವರ ಮುಖ ನೋಡಿದ. ಊರವರು ಆಕಾಶ ನೋಡಿದರು.

"ಎಲ್ಲಾ ಇವನದೇ ಕಣಮ್ಮ," ಎಂದಳು ಮಿಸೆಸ್ ಗೋಲ್ಡ್‌ಬಿ. "ಇವನ ಗಾಡೀಲಿ ಇದ್ದದ್ದನ್ನ ಕಣ್ಣಾರೆ ನೋಡಿದ್ದೀವಿ."

"ಬೈಬಲ್ ಮುಟ್ಟಿ ಹೇಳ್ತೀನಿ," ಎಂದರು ಕ್ರಾಬ್.

"ಇಷ್ಟು ಕಲ್ಲು ಸಿಕ್ಕಿದೆ ಅಂದ್ರೆ ಇವರ ಮನೆ ಮಠದ ಹಿರಿಯ ಗುರುಗಳ ಮನೆಯೇ ಇರಬೇಕು!" ಎಂದಳು ಮೇಡಂ.

ಮೇಡಂ ಮನೆಗೇ ಬಂದಳು. ಅಡುಗೆಮನೆಯ ಬಾಗಿಲನ್ನು ಮಗುವಿನ ಕೆನ್ನೆಯಂತೆ ಸವರಿದಳು. ಇನ್ನು ಇದರ ಒಂದು ಕಲ್ಲೂ ಅಲುಗಬಾರದು ಎಂದಳು. ಹೆಟ್ಟಿ ಅಂಗಳಕ್ಕೆ ಹೋಗಿ ಒಲೆಯ ಮೇಲಿನ ಟಾರ್ಪಾಲನ್ನು ಎಳೆದು ಹಾಕಿದಳು. ಬೈದಿದ್ದರೆ ಆಂಬ್ರೋಸನಿಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಗೇಟು ದಾಟುವಾಗ ಮೇಡಂ ತಿರುಗಿ ನೋಡಿದಳು. "ಇಂಥ ಮನೆ ಮುಂದೆ ಆ ಕಬ್ಬಿಣದ ಡಬ್ಬ ಇರಕೂಡದು. ಇವತ್ತೇ ತೆಗೆಸಿಬಿಡಿ."

"ತೆಗೆದು ಎಲ್ಲಿಡಲಿ ಮೇಡಂ?"

"ಅದನ್ನೂ ನಾನೇ ಹೇಳಬೇಕಾ? ಒಳಗೆ ಇಟ್ಕೊಳ್ಳಿ."