ಒಂದೇ ಒಂದು ತಕರಾರು

"ನನ್ನ ಸಾಂಬಾರಿಗೆ ಬೆಲ್ಲ ಹಾಕಲಿಕ್ಕೆ ಹೇಳುವ ಬಾಯಿಗೆ ಮೊದಲು ಮಣ್ಣು ಹಾಕಬೇಕು, ಐತಾಳ್ರೆ."

"ಆ ಮಣ್ಣನ್ನು ನಿಮ್ಮ ಅಹಂಕಾರಕ್ಕೆ ಹಾಕಿ, ನಾಗಪ್ಪಯ್ಯನವರೇ. ಗಿರಾಕಿ ಸಿಹಿ ಕೇಳ್ತಾನೆ. ಇದು ವಡೋದರಾ, ನಿಮ್ಮ ಅಜ್ಜಿಮನೆ ಅಲ್ಲ."

"ಸಿಹಿ ಬೇಕಾದವ ಎದುರಂಗಡಿಯಲ್ಲಿ ಜಿಲೇಬಿ ತಿನ್ನಲಿ. ನಾನು ಹೊರಟೆ. ಇನ್ನು ಈ ಹೊಸಿಲು ತುಳಿದರೆ ಕೇಳಿ."

ನಾಗಪ್ಪಯ್ಯ ಸೌಟನ್ನು ಪಾತ್ರೆಯೊಳಗೆ ಎಸೆದು, ಮೊಳೆಗೆ ನೇತುಹಾಕಿದ್ದ ಬೈರಾಸು ವಸ್ತ್ರವನ್ನು ಎಳೆದು ಹೆಗಲಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಹೊರಗೆ ನಡೆದ. ಹೋಟೆಲಿನಲ್ಲಿ ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಅವನು ಕೆಲಸ ಬಿಡುವುದು ದಿನಾ ಇದ್ದದ್ದೇ. ಮೂಲೆಯ ಬೀಡಾ ಅಂಗಡಿ, ಪಾನ್ ಗಲ್ಲಾದವರೆಗೆ ಹೋಗಿ, ಬೀಡಾ ಜಗಿದು, ಸಾಂಬಾರು ಕುದಿ ಬರುವ ಹೊತ್ತಿಗೆ ಬಂದು ಒಗ್ಗರಣೆ ಹಾಕುತ್ತಿದ್ದ. ಬೆಲ್ಲ ಮಾತ್ರ ಹಾಕುತ್ತಿರಲಿಲ್ಲ.

ಅಲಕಾಪುರಿಯಲ್ಲಿ, ಸ್ಟೇಷನ್ನಿಗೆ ಹತ್ತಿರವೇ ಇದ್ದ ಆ ಹೋಟೆಲಿನ ಯಜಮಾನ ಶ್ರೀನಿವಾಸ ಐತಾಳರು. ಅಡಿಗೆಯ ನಾಗಪ್ಪಯ್ಯ ಅವರ ಊರಿನವನೇ. ಉಡುಪಿ ಕಡೆಯ ಕೋಟದ ಹತ್ತಿರದ ಹಳ್ಳಿ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬೆತ್ತದ ಪೆಟ್ಟು ತಿಂದವರು. ಸಮಾಧಾನದಲ್ಲಿದ್ದಾಗ ಅವರು ಶೀನ, ಇವನು ನಾಗ. ಸಿಟ್ಟು ಬಂತೋ, ಇಬ್ಬರಿಗೂ ಎಲ್ಲಿಲ್ಲದ ಮರ್ಯಾದೆ. ಅವರು ಪರಸ್ಪರ ಗೌರವ ಕೊಡಲು ಶುರು ಮಾಡಿದರೆ ಗಾಜಿನ ಲೋಟಗಳನ್ನು ಎತ್ತಿ ದೂರ ಇಡಬೇಕು ಎಂದು ಮಾಣಿಗಳು ಕಲಿತಿದ್ದರು.

ಆದರೆ ಆ ದಿನ ಐತಾಳರ ತಲೆ ಬಿಸಿಯಾಗಿದ್ದು ಬೆಲ್ಲಕ್ಕಲ್ಲ, ಮಗಳಿಗೆ. ಆಶ್ರಿತಾಳಿಗೆ ಅಹಮದಾಬಾದಿನ ಒಂದು ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಕ್ಯಾಂಪಸ್ ನೋಡಲು ಅಪ್ಪ ಅಮ್ಮನ ಜೊತೆ ಶನಿವಾರ ಬನ್ನಿ ಎಂದು ಕರೆಯೂ ಬಂದಿತ್ತು. ಅವಳಿಗೆ ಹಾಸ್ಟೆಲು ಬೇಕು. ಐತಾಳರಿಗೆ ಅವಳು ಮನೆಯಲ್ಲೇ ಇದ್ದು ವಡೋದರಾದಲ್ಲೇ ಓದಬೇಕು. ಒಬ್ಬಳೇ ಮಗಳು. ಅವಳಿಲ್ಲದ ಮನೆಯಲ್ಲಿ ಹೆಂಡತಿಯ ಪಕ್ಕ ಟಿವಿ ನೋಡುತ್ತಾ ಕೂರುವುದನ್ನು ನೆನೆಸಿಕೊಂಡರೆ ಅವರು ಎಣಿಸುತ್ತಿದ್ದ ಚಿಲ್ಲರೆಯ ಲೆಕ್ಕ ತಪ್ಪುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಜಾತಿಯ ಮನುಷ್ಯ ಅವರಲ್ಲ. ಹಾಗಾಗಿ ಕಾಲೇಜನ್ನೇ ಬೈಯುತ್ತಿದ್ದರು.

ಕೊನೆಗೆ ಮಗಳೇ ಒಂದು ಕರಾರು ಮಾಡಿದಳು. "ಪಪ್ಪಾ, ಬಂದು ನೋಡಿ. ನಾನು ಅಲ್ಲಿ ಇರ್ಲಿಕ್ಕೇ ಆಗೂದಿಲ್ಲ ಅನ್ನುವಂಥ ಒಂದು ಪ್ರಾಬ್ಲಂ ತೋರಿಸಿ. ಒಂದೇ. ನಾನು ಇಲ್ಲೇ ಓದ್ತೇನೆ. ಪಕ್ಕಾ. ಆದ್ರೆ ನೀವು ಹೇಳಿದ್ರೆ ಸಾಕಾಗೂದಿಲ್ಲ, ನನಗೂ ಹೌದು ಅನ್ನಿಸ್ಬೇಕು."

ಒಂದೇ ಒಂದು ತಕರಾರು. ಅದನ್ನು ಹುಡುಕುವುದು ಹೇಗೆ ಎಂದು ಐತಾಳರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದಾಗ ಗುಂಡಪ್ಪ ಬಂದರು. ಗದಗಿನ ಕಡೆಯವರು, ಬ್ಯಾಂಕಿನಲ್ಲಿ ಆಫೀಸರು, ದಿನಾ ಬೆಳಗ್ಗೆ ಇಲ್ಲೇ ಇಡ್ಲಿ. ಹೋದ ವರ್ಷ ಮಗನನ್ನು ಕರೆದುಕೊಂಡು ಸೂರತ್ತಿನಿಂದ ಹಿಡಿದು ಸಿಕ್ಕ ಸಿಕ್ಕ ಕಾಲೇಜು ಸುತ್ತಿದ ಮೇಲೆ ಅವರು ಈ ವಿಷಯದಲ್ಲಿ ಪಂಡಿತರಾಗಿದ್ದರು. ಕೇಳದವರಿಗೂ ಹೇಳುವ ಪಂಡಿತರು.

"ಲೈಬ್ರರಿ ನೋಡಿ ಏನ್ ಮಾಡ್ತೀರಿ ಐತಾಳ್ರ? ಪುಸ್ತಕದ ಧೂಳ ಝಾಡಿಸ್ತೀರೇನು? ನಿಮಗ ತಿಳಿಯೂದು ಒಂದ, ಅಡಗಿಮನಿ. ಸೀದಾ ಮೆಸ್ಸಿಗೆ ಹೋಗ್ರಿ. ಯಾವ ಹಾಸ್ಟೆಲ್ಲಿನ ಊಟ ಛಲೋ ಇರ್ತದ, ಹೇಳ್ರಿ ನೋಡೂಣು?"

ಐತಾಳರ ಮುಖ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಅರಳಿತು. ಮೊದಲೇ ಅವರಿಗೆ ಒಂದು ಚಪಲ. ಮುಚ್ಚಿದ ಅಡಿಗೆಮನೆ ಬಾಗಿಲು ಕಂಡರೆ ಒಳಗೇನಿದೆ ಎಂದು ನೋಡದೆ ಮುಂದೆ ಹೋಗಲಾರರು. ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಓಡಿದವರು ಮೊದಲು ಅಲ್ಲಿಯ ಕ್ಯಾಂಟೀನಿಗೆ ಇಣುಕಿ, ಆಮೇಲೆ ತೊಟ್ಟಿಲಿಗೆ ಇಣುಕಿದವರು. ಹೆಂಡತಿ ಗಿರಿಜಾ ಅದನ್ನು ಇನ್ನೂ ಮರೆತಿರಲಿಲ್ಲ.

ಆದರೆ ಊಟ ಸರಿಯಿಲ್ಲ ಎಂದು ಅಪ್ಪ ಹೇಳಿದರೆ ಮಗಳು ನಂಬಬೇಕಲ್ಲ. ಅವಳು ನಂಬುವ ನಾಲಿಗೆ ಒಂದೇ. ನಾಗಪ್ಪಯ್ಯನದ್ದು. ಮೊದಲ ತುತ್ತಿನಿಂದ ಅವನ ಕೈಯಡಿಗೆ ಉಂಡು ಬೆಳೆದ ಹುಡುಗಿ ಅವಳು. ನಾಗಪ್ಪಜ್ಜ ಚೆನ್ನಾಗಿಲ್ಲ ಅಂದರೆ ಅದು ಚೆನ್ನಾಗಿಲ್ಲ.

ಬೀಡಾ ಜಗಿಯುತ್ತಾ ವಾಪಸ್ ಬಂದವನನ್ನು ಐತಾಳರು ಪಕ್ಕಕ್ಕೆ ಕರೆದರು.

"ನಾಗ, ನಾಳೆ ಅಹಮದಾಬಾದಿಗೆ ಹೋಗುವ, ಬಾ."

"ಅಲ್ಲಿ ಎಂತ ಉಂಟು?"

"ಊಟ ಉಂಟು. ನೀನು ತಿಂದು ಮುಖ ಕಿವುಚಬೇಕು. ಅಷ್ಟೇ ಕೆಲಸ."

"ಮುಖ ಕಿವುಚಲಿಕ್ಕೆ ಅಹಮದಾಬಾದು ಯಾಕೆ ಶೀನ? ನಿನ್ನನ್ನು ನೋಡಿದರೆ ಸಾಕಲ್ಲ."

ಐತಾಳರು ನುಂಗಿಕೊಂಡರು. ಈ ತಿಂಗಳಿಡೀ ಬೆಲ್ಲದ ಸುದ್ದಿ ಎತ್ತುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ನಾಗಪ್ಪಯ್ಯ ಒಪ್ಪಿದ.

ಶನಿವಾರ ಬೆಳಗ್ಗೆ ಮನೆಯಲ್ಲಿ ಮದುವೆ ದಿಬ್ಬಣದ ಗಡಿಬಿಡಿ. ಗುಂಡಪ್ಪ ತಮ್ಮ ಕೋಟು ತಂದುಕೊಟ್ಟರು. ಗುಂಡಪ್ಪ ಹೆಸರಿಗೆ ಮಾತ್ರ ಗುಂಡು, ಮೈ ಒಣಗಿದ ನುಗ್ಗೆಕಾಯಿ. ಐತಾಳರು ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡರು. "ಪ್ಲೇಸ್‌ಮೆಂಟ್ ಹೆಂಗದ ಅಂತ ಕೇಳ್ರಿ. ಏನ್ ಉತ್ತರ ಕೊಟ್ರೂ ತಲಿ ಅಲ್ಲಾಡಿಸಿ ಹ್ಮ್ ಅನ್ರಿ. ಅವರು ಹೆದರ್ತಾರ," ಎಂದು ಗುಂಡಪ್ಪ ಪಾಠ ಹೇಳಿದರು. ಪಕ್ಕದ ಮನೆಯ ಜ್ಯೋತ್ಸ್ನಾಬೆನ್ ಥೇಪ್ಲಾ ರೊಟ್ಟಿಯ ಕಟ್ಟು ಹಿಡಿದು ಬಂದು, ಬಚ್ಚಲಿನ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡದೆ ಬರಬೇಡಿ ಎಂದು ಆಣೆ ಹಾಕಿಸಿಕೊಂಡರು. ಗಿರಿಜಾ ಬರುವುದಿಲ್ಲ ಎಂದುಬಿಟ್ಟಳು. "ನೀವು ಇಬ್ಬರು ಒಟ್ಟಿಗೆ ಹೋಗುವಲ್ಲಿಗೆ ನನಗೆ ಬರ್ಲಿಕ್ಕೆ ಧೈರ್ಯ ಇಲ್ಲ."

ಆಶ್ರಿತಾ ಮಾತ್ರ ಒಂದೇ ಮಾತು ಹೇಳಿದಳು. "ಪಪ್ಪಾ, ಪ್ಲೀಸ್. ಅಲ್ಲಿ ಕಿಚನ್ ಒಳಗೆ ಹೋಗ್ಬೇಡಿ."

"ನಾನು ಯಾಕೆ ಹೋಗ್ತೇನೆ?" ಎಂದರು ಐತಾಳರು.

ಕಾಲೇಜು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆ ದಾಟಿ ಸ್ವಲ್ಪ ಮುಂದೆ. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಐತಾಳರಿಗೆ ಸಂಕಟ ಶುರುವಾಯಿತು. ಎಲ್ಲಿ ನೋಡಿದರೂ ತಕರಾರಿಲ್ಲ. ಬೇವಿನ ಮರಗಳ ನೆರಳು. ಲೈಬ್ರರಿಯಲ್ಲಿ ತಣ್ಣನೆ ಗಾಳಿ. ಒಂದು ದೊಡ್ಡ ಕೋಣೆಯಲ್ಲಿ ಮಕ್ಕಳು ರಟ್ಟಿನಲ್ಲಿ ಮಾಡಿದ ಪುಟ್ಟ ಪುಟ್ಟ ಮನೆಗಳು. ಆಶ್ರಿತಾ ಒಂದೊಂದರ ಮುಂದೆಯೂ ಬಗ್ಗಿ, ಕಿಟಕಿಯೊಳಗೆ ಒಂದು ಕಣ್ಣಿಟ್ಟು ನೋಡುತ್ತಿದ್ದಳು. ಆ ಇಣುಕುವ ಚಟ ಎಲ್ಲಿಂದ ಬಂತು ಎಂದು ಐತಾಳರಿಗೆ ಗೊತ್ತಿತ್ತು. ಅದರಿಂದ ಸಂಕಟ ಇನ್ನೂ ಜಾಸ್ತಿಯಾಯಿತು. ಪ್ಲೇಸ್‌ಮೆಂಟ್ ಕೇಳಿದರು. ಉತ್ತರ ಬಂತು. ಹ್ಮ್ ಅಂದರು. ಯಾರೂ ಹೆದರಲಿಲ್ಲ. ಬಚ್ಚಲಿನ ನಲ್ಲಿ ತಿರುಗಿಸಿದರು. ನೀರು ಕೋಟಿನ ತೋಳು ತೋಯಿಸುವಷ್ಟು ಜೋರಾಗಿಯೇ ಬಂತು.

"ಮೆಸ್ ಎಲ್ಲಿ ಉಂಟು?" ಎಂದು ಅವರು ಹಿಂದಿಯಲ್ಲಿ ಕೇಳಿದಾಗ, ಕ್ಯಾಂಪಸ್ ತೋರಿಸುತ್ತಾ ಎಲ್ಲವನ್ನೂ ಪಟಪಟ ಹೇಳುತ್ತಿದ್ದ ಸೀನಿಯರ್ ಹುಡುಗಿ ತಡವರಿಸಿದಳು. "ಅದು ಕೊನೆಗೆ ಅಂಕಲ್," ಎಂದು ನೆಲ ನೋಡಿದಳು.

ಐತಾಳರಿಗೆ ಜೀವ ಬಂತು.

ಆಶ್ರಿತಾ ಉಳಿದ ಹುಡುಗಿಯರ ಜೊತೆ ಹಾಸ್ಟೆಲಿನ ಕೋಣೆ ನೋಡಲು ಹೋದಳು. ಇವರಿಬ್ಬರೂ ಮೆಸ್ಸಿನಲ್ಲಿ ತಟ್ಟೆ ಹಿಡಿದು ಕೂತರು. ಐತಾಳರು ಸಾಂಬಾರಿಗೆ ಇಡ್ಲಿ ಅದ್ದಿ ಬಾಯಿಗಿಟ್ಟರು. ಅದು ನುಗ್ಗೆಕಾಯಿ ಹಾಕಿದ ಪಾಯಸ. ಇಷ್ಟು ಕೆಟ್ಟ ಸಾಂಬಾರು ತಿಂದು ಇಷ್ಟು ಖುಷಿಪಟ್ಟ ಮನುಷ್ಯ ಗುಜರಾತಿನಲ್ಲಿ ಇನ್ನೊಬ್ಬ ಇರಲಾರ. ನಾಗಪ್ಪಯ್ಯ ಕಣ್ಣು ಮುಚ್ಚಿಕೊಂಡು ಲೋಟದ ನೀರು ಪೂರಾ ಕುಡಿದ.

"ಹೇಗೆ?" ಎಂದರು ಐತಾಳರು.

"ಶೀನ, ಇದನ್ನು ಮಾಡಿದವನ ಕೈಗೆ ಸೌಟು ಕೊಟ್ಟವನನ್ನು ಜೈಲಿಗೆ ಹಾಕಬೇಕು."

"ಅಷ್ಟೇ ಹೇಳು. ಮಗು ಬಂದು ಒಂದು ತುತ್ತು ತಿನ್ನಲಿ, ಆಮೇಲೆ ನೀನು ಅಷ್ಟೇ ಹೇಳು."

ಗೆದ್ದಾಗಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಅಷ್ಟರಲ್ಲಿ ಮೆಸ್ಸಿನ ಮ್ಯಾನೇಜರ್ ಜಿಗ್ನೇಶ್‌ಭಾಯ್ ನಗುತ್ತಾ ಮೇಜಿನ ಹತ್ತಿರ ಬಂದ. "ಹೇಗಿದೆ ಕಾಕಾ? ನಿಮಗೋಸ್ಕರ ಸೌತ್ ಇಂಡಿಯನ್ ಸ್ಪೆಷಲ್. ಅಸಲಿ ಉಡುಪಿ ಸಾಂಬಾರ್."

ಉಡುಪಿ ಎನ್ನದೆ ಬೇರೆ ಏನು ಬೇಕಾದರೂ ಅಂದಿದ್ದರೆ ಐತಾಳರು ತಡೆದುಕೊಳ್ಳುತ್ತಿದ್ದರು.

"ಇದು ಉಡುಪಿಯಾ?" ಅವರು ಎದ್ದು ನಿಂತ ರಭಸಕ್ಕೆ ಬೆಂಚು ಹಿಂದಕ್ಕೆ ಉರುಳಿತು. "ಇದಕ್ಕೆ ಗೋಡಂಬಿ, ದ್ರಾಕ್ಷಿ ಒಂದು ಹಾಕಿಲ್ಲ ನೀನು."

ಜಿಗ್ನೇಶ್‌ಭಾಯಿಯ ನಗು ಇಳಿಯಿತು. "ಕಾಕಾ, ಮನೆಯಲ್ಲಿ ಪುಟ್ಟ ಪಾತ್ರೆಯಲ್ಲಿ ಮಾಡುವುದು ಸುಲಭ. ಈ ಅಡಿಗೆಮನೆಯಲ್ಲಿ ಇಷ್ಟು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಮಾಡಲಾರರು."

ಅವನು ಬೆರಳು ತೋರಿಸಿದ ಕಡೆ ಒಂದು ಬಾಗಿಲಿತ್ತು. ಮುಚ್ಚಿದ ಬಾಗಿಲು. ಐತಾಳರು ಅದನ್ನು ತಳ್ಳಿದರು.

"ನಾಗ, ತೋರಿಸು ಇವನಿಗೆ."

ನಾಗಪ್ಪಯ್ಯ ನಿಧಾನವಾಗಿ ಬೈರಾಸನ್ನು ಸೊಂಟಕ್ಕೆ ಬಿಗಿದ. ಒಲೆ ನೋಡಿದ. ಅಂಥ ಒಲೆಗಳನ್ನು, ಅಂಥ ಪಾತ್ರೆಗಳನ್ನು ಅವನು ಅಲಕಾಪುರಿಯಲ್ಲಿ ಕಂಡವನಲ್ಲ. ಧನಿಯ ಹುರಿಯುತ್ತಾ ಎಲ್ಲರಿಗೂ ಕೇಳುವ ಹಾಗೆ ಕೇಳಿದ, "ಬೆಲ್ಲ ಎಷ್ಟು ಹಾಕುವ, ಐತಾಳ್ರೆ?"

"ಬೆಲ್ಲ ಮುಟ್ಟಿದರೆ ಕೈ ಕಡಿಯುತ್ತೇನೆ," ಎಂದು ಐತಾಳರು ಗುಡುಗಿದರು. ಅಲ್ಲಿದ್ದ ಆಳುಗಳ ಜೊತೆ ತಾವೂ ತೆಂಗಿನಕಾಯಿ ತುರಿಯಲು ಕೂತರು. ಎರಡನೆಯ ಕಾಯಿ ತುರಿಯುವಾಗ ಗುಂಡಪ್ಪನವರ ಕೋಟು ಕಂಕುಳಲ್ಲಿ ಪರ್ ಎಂದಿತು.

ಒಗ್ಗರಣೆ ಬಿದ್ದಾಗ ಇಂಗು, ಕರಿಬೇವಿನ ವಾಸನೆ ಇಡೀ ಕ್ಯಾಂಪಸ್ ಸುತ್ತಿ ಬಂತು. ಹಾಸ್ಟೆಲಿನ ಮೆಟ್ಟಿಲಿನಿಂದ ಮಕ್ಕಳು ದಡದಡ ಇಳಿದು ಬಂದರು. ತಟ್ಟೆ ಸಾಲದೆ ಮುಚ್ಚಳದಲ್ಲಿ ಹಾಕಿಸಿಕೊಂಡು ತಿಂದವರೂ ಇದ್ದರು. ಜಿಗ್ನೇಶ್‌ಭಾಯ್ ಸೌಟು ನೆಕ್ಕುತ್ತಾ ಮೂಲೆಯಲ್ಲಿ ನಿಂತಿದ್ದ. ಐತಾಳರು ಹರಿದ ಕಂಕುಳನ್ನು ಮರೆತು, ಗೆದ್ದ ಪೈಲ್ವಾನನ ಹಾಗೆ ಕೈ ಎತ್ತಿಕೊಂಡೇ ಹೊರಗೆ ಬಂದರು.

ಬೆಂಚಿನಲ್ಲಿ ಆಶ್ರಿತಾ ಕೂತಿದ್ದಳು. ಅವಳ ತಟ್ಟೆ ಕನ್ನಡಿಯಾಗಿತ್ತು. ಎರಡನೆಯ ಸಲ ಹಾಕಿಸಿಕೊಳ್ಳಲು ಏಳುತ್ತಿದ್ದಳು.

ಐತಾಳರ ಕೈ ತಾನಾಗಿ ಕೆಳಗಿಳಿಯಿತು. ತಾವು ಬಂದದ್ದು ಯಾತಕ್ಕೆ ಎಂದು ಅವರಿಗೆ ಆಗ ನೆನಪಾಯಿತು.

"ಮಗಾ, ಇದು ಇಲ್ಲಿಯದ್ದಲ್ಲ. ನಾಗ ಮಾಡಿದ್ದು. ಇವತ್ತು ಒಂದು ದಿನ ಮಾತ್ರ. ನಾಳೆಯಿಂದ ಪುನಃ ಪಾಯಸವೇ."

"ಗೊತ್ತು ಪಪ್ಪಾ. ಸ್ಮೆಲ್ ಬಂದಾಗಲೇ ಗೊತ್ತಾಯ್ತು." ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ತಟ್ಟೆ ಹಿಡಿದು ಅಡಿಗೆಮನೆಯೊಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಅವಳು, ನಾಗಪ್ಪಯ್ಯ, ಜಿಗ್ನೇಶ್‌ಭಾಯ್ ಏನೋ ಮಾತಾಡುವುದು ಕೇಳುತ್ತಿತ್ತು. ಹುಟ್ಟಿದಂದಿನಿಂದ ಮುಚ್ಚಿದ ಅಡಿಗೆಮನೆ ಬಾಗಿಲು ಬಿಡದ ಐತಾಳರು ಅವತ್ತು ಮಾತ್ರ, ಮಗಳಿಗೆ ಇನ್ನಷ್ಟು ಮುಜುಗರ ಬೇಡವೆಂದು, ಹೊರಗೇ ಕೂತರು. ಮಾಡಬಾರದ ದಿನ ಮರ್ಯಾದೆ ಮಾಡಿದರು.

ವಾಪಸ್ ಬರುವಾಗ ರೈಲಿನಲ್ಲಿ ನಾಗಪ್ಪಯ್ಯ ಎದುರು ಸೀಟಿನಲ್ಲಿ ತೂಕಡಿಸುತ್ತಿದ್ದ. ಅಪ್ಪ ಮಗಳು ಇಬ್ಬರೂ ಕಿಟಕಿಯ ಹತ್ತಿರ ಕೂತು ಥೇಪ್ಲಾ ತಿನ್ನುತ್ತಿದ್ದರು. ಐತಾಳರು ಮೆಲ್ಲಗೆ ಕೇಳಿದರು. "ತಕರಾರು ಸಿಕ್ಕಿತಲ್ಲ?"

"ಹಾಂ ಪಪ್ಪಾ. ಮೆಸ್ ಒಂದೇ. ಸೀನಿಯರ್ಸ್ ಎಲ್ಲ ಅಳ್ತಾರೆ. ನನಗೂ ಇರ್ಲಿಕ್ಕೆ ಆಗೂದಿಲ್ಲ ಅಂತ ಅನ್ನಿಸಿತ್ತು."

ಐತಾಳರು ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದರು. ಅನ್ನಿಸಿತ್ತು ಎಂದಳೋ ಅನ್ನಿಸಿದೆ ಎಂದಳೋ ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ. ಹೇಗೂ ಅವಳ ಕನ್ನಡ ಅಷ್ಟಕ್ಕಷ್ಟೇ.

ಭಾನುವಾರ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು. ಐತಾಳರು ಹುಮ್ಮಸ್ಸಿನಲ್ಲಿದ್ದರು. ಕೊಟ್ಟ ಮಾತು ಮರೆತೇ ಹೋಯಿತು. ಅಡಿಗೆಮನೆಗೆ ಬಂದು ಬೆಲ್ಲದ ಉಂಡೆಯೊಂದನ್ನು ಕೈಯಲ್ಲಿ ತೂಗುತ್ತಾ ಹೇಳಿದರು. "ನಾಗ, ಇವತ್ತು ಗುಜರಾತಿ ಗಿರಾಕಿಯೇ ಜಾಸ್ತಿ. ಇದು ಬೀಳಲಿ ಮಾರಾಯ."

ಬೈಗುಳ ಬರುತ್ತದೆ ಎಂದು ಮಾಣಿಗಳು ಲೋಟ ಎತ್ತಿಟ್ಟರು. ಬರಲಿಲ್ಲ. ನಾಗಪ್ಪಯ್ಯ ಸೌಟನ್ನು ಎಸೆಯದೆ, ತೊಳೆದು, ತಟ್ಟೆಯ ಮೇಲೆ ಅಡ್ಡ ಇಟ್ಟ. ಮೊಳೆಯಿಂದ ಬೈರಾಸು ತೆಗೆದು ಹೆಗಲಿಗೆ ಹಾಕಿಕೊಂಡ.

"ಆಯ್ತು ಶೀನ. ಹೊರಟೆ," ಎಂದ. ಹಿಂಬಾಗಿಲಿನಿಂದ ಹೋದ.

ಐತಾಳರು ಶಿಳ್ಳೆ ಹಾಕುತ್ತಾ ಗಲ್ಲಾಪೆಟ್ಟಿಗೆಗೆ ಹೋಗಿ ಕೂತರು. ಸಾಂಬಾರು ಕುದಿ ಬಂತು. ಉಕ್ಕಿತು. ಒಗ್ಗರಣೆ ಹಾಕಲು ಯಾರೂ ಬರಲಿಲ್ಲ. ಅವರೇ ಎದ್ದು ಪಾನ್ ಗಲ್ಲಾಕ್ಕೆ ಹೋಗಿ ನೋಡಿದರು. ನಿಮ್ಮ ಅಡಿಗೆ ಮಹಾರಾಜ್ ಇವತ್ತು ಈ ಕಡೆ ಬಂದೇ ಇಲ್ಲವಲ್ಲ ಎಂದ ಅಂಗಡಿಯವನು.

ವಾಪಸ್ ಬಂದರೆ ಗುಂಡಪ್ಪ ಕುರ್ಚಿಗೆ ನೇತುಹಾಕಿದ್ದ ತಮ್ಮ ಕೋಟಿನ ಕಂಕುಳನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತಿದ್ದರು. ನಂಟರನ್ನು ರೈಲು ಹತ್ತಿಸಿ ಸ್ಟೇಷನ್ನಿನಿಂದ ಸೀದಾ ಬಂದಿದ್ದರು. "ಐತಾಳ್ರ, ಕೋಟಿನ ಮಾತು ಆಮ್ಯಾಲ ಆಡೂಣು. ನಿಮ್ಮ ನಾಗಪ್ಪಯ್ಯ ಟ್ರಂಕ್ ಹಿಡ್ಕೊಂಡು ಅಹಮದಾಬಾದ್ ಗಾಡಿ ಹತ್ತಾಕ್ಹತ್ತಿದ್ರು. ಮತ್ತೇನರ ಕಾಲೇಜ್ ನೋಡೂದು ಉಳದದೇನು?"

ಅಷ್ಟರಲ್ಲಿ ಆಶ್ರಿತಾ ಇಡ್ಲಿ ಒಯ್ಯಲು ಡಬ್ಬಿ ಹಿಡಿದು ಬಂದಳು.

"ನಾಗ ಓಡಿಹೋದ," ಎಂದರು ಐತಾಳರು.

"ಓಡಿಹೋಗಿಲ್ಲ ಪಪ್ಪಾ. ಜಿಗ್ನೇಶ್‌ಭಾಯ್ ಕರೆದ್ರು. ಬೆಲ್ಲದ ಮಾತು ಯಾರೂ ಆಡಬಾರದು ಅಂತ ನಾಗಪ್ಪಜ್ಜ ಹೇಳಿದ್ರು. ಅವರು ಓಕೆ ಅಂದ್ರು." ಅವಳು ತಾನೇ ಡಬ್ಬಿಗೆ ಇಡ್ಲಿ ತುಂಬಿಕೊಂಡಳು. "ನಾನು ಕೇಳಿದೆ, ಅಜ್ಜ, ನೀವು ಪಕ್ಕಾ ಬರ್ತೀರಾ ಅಂತ. ಪಕ್ಕಾ ಅಂದ ಮೇಲೇ ನಾನು ಸೀಟಿಗೆ ಹೂಂ ಅಂದದ್ದು. ಈಗ ಒಂದು ತಕರಾರೂ ಇಲ್ಲ, ಅಲ್ವಾ?"

ಐತಾಳರು ಅಡಿಗೆಮನೆಗೆ ಹೋದರು. ಬೈಯಲು ಬಾಯಿ ತೆರೆದರು. ಎದುರಿಗೆ ಯಾರೂ ಇರಲಿಲ್ಲ. ಬೆಲ್ಲದ ಉಂಡೆ ಇನ್ನೂ ಅಲ್ಲೇ ಇತ್ತು. ಈಗ ಬೇಡ ಎನ್ನುವವರಿಲ್ಲ. ಅವರು ಅದನ್ನು ಎತ್ತಿ, ಪಾತ್ರೆಯವರೆಗೆ ಒಯ್ದು, ಮತ್ತೆ ಡಬ್ಬಿಗೆ ಹಾಕಿದರು.

ಹಿಂಬಾಗಿಲು ತೆರೆದೇ ಇತ್ತು. ಸಾಂಬಾರು ತಳ ಹಿಡಿಯುವವರೆಗೂ ಅವರು ಅದನ್ನು ಮುಚ್ಚಲಿಲ್ಲ.