ಒಂದೇ ಸೆಟಪ್ಪು, ಮೂರು ಬೋರ್ಡು, ಒಂದು ರಜೆ

ಫರೀದಾಬಾದಿನ ನಮ್ಮ ಪುಟ್ಟ ಕಂಪನಿಯಲ್ಲಿ ವಾರಕ್ಕೊಂದಾದರೂ ಎಡವಟ್ಟು ಆಗದಿದ್ದರೆ ನನಗೇ ಅನುಮಾನ ಬರುತ್ತದೆ. ಲಿಫ್ಟಿನ ಪರದೆ, ಡೇರಿಯ ಕೋಲ್ಡ್ ಸ್ಟೋರೇಜಿನ ಅಲಾರಂ, ನೀರಿನ ಪಂಪು, ಹೀಗೆ ಮೂರು ಬಗೆಯ ಸರ್ಕ್ಯೂಟ್ ಬೋರ್ಡುಗಳಿಗೆ ಒಂದೇ ಕಂಪ್ಯೂಟರಿನಲ್ಲಿ, ಅವನ್ನು ನಡೆಸುವ ಲಿನಕ್ಸ್ ಸಾಫ್ಟ್‌ವೇರ್ ತಯಾರಿಸುವುದು ನನ್ನ ಕೆಲಸ. ಬೋರ್ಡಿನ ಹೆಸರಿರುವ ಒಂದು ಸಾಲು ಬದಲಿಸಿ ಬಿಲ್ಡಿಗೆ ಹಾಕಿದರೆ, ಆ ಸಾಫ್ಟ್‌ವೇರ್ ಬೆಂದು ಸಿದ್ಧವಾಗಲು ನಾಲ್ಕು ಗಂಟೆ ಕಾಯಬೇಕು. ಆ ವಾರ ಮೂರೂ ಮುಗಿದರೆ ಮಾತ್ರ ರಜೆ ಎಂದಿದ್ದರು ಬಾಸ್. ಶುಕ್ರವಾರ ಉಡುಪಿಗೆ ರೈಲು, ಹೆಂಡತಿಯ ತಮ್ಮನ ಮದುವೆ. ಅವಳ ತಂಗಿಯ ಮದುವೆಗೂ ನಾನು ಹೋಗಿರಲಿಲ್ಲ. ಅದನ್ನು ಅವಳು ಮರೆತಿಲ್ಲ.

ಕರೆಂಟಿನ ಕಾವಲು

ಸೋಮವಾರ ಊಟ ಮುಗಿಸಿ ಬಂದರೆ ಕಂಪ್ಯೂಟರ್ ಆಫ್. "ಯಾರೂ ಕೂತಿರಲಿಲ್ಲ ಸಾಬ್, ಸುಮ್ಮನೆ ಕರೆಂಟ್ ದಂಡ" ಎಂದ ಗಾರ್ಡ್ ಭಯ್ಯಾ. ಅರ್ಧ ಬೆಂದ ಬಿಲ್ಡ್ ನೀರುಪಾಲು. 'ಕಂಪ್ಯೂಟರ್ ಆಫ್ ಮಾಡಬೇಡಿ' ಎಂದು ಹಿಂದಿಯಲ್ಲಿ ಚೀಟಿ ಅಂಟಿಸಿದೆ.

ಮಂಗಳವಾರ ಅವನು ಎಸಿ ಆಫ್ ಮಾಡಿದ್ದ. ಫರೀದಾಬಾದಿನ ಜೂನ್ ಬಿಸಿಲಿಗೆ ಕಂಪ್ಯೂಟರ್ ಕಾದು ತಾನಾಗಿಯೇ ಆರಿಹೋಗಿತ್ತು.

"ನಾನು ಮುಟ್ಟಿಲ್ಲ ಸಾಬ್. ಚೀಟಿ ಓದಿದೀನಿ!"

ಹಿಟ್ಟಿನ ಲೆಕ್ಕ

ಬುಧವಾರ ಸಂಜೆ ಮಗಳು ಕೇಳಿದಳು: "ಪಪ್ಪಾ, ಅಜ್ಜಿ ಮನೆಗೆ ಪಕ್ಕಾ ಹೋಗ್ತೀವಿ ನಾ?" ನಾನು ತಡವರಿಸಿದೆ. ಇನ್ನೂ ಲಿಫ್ಟಿನದು ಬಾಕಿಯಿತ್ತು. "ಏನ್ರೀ ಅಂಥಾ ಕೆಲಸ?" ಎಂದಳು ಹೆಂಡತಿ. "ಒಂದೇ ಹಿಟ್ಟಲ್ಲಿ ದೋಸೆ, ಇಡ್ಲಿ, ಪಡ್ಡು ಮಾಡಿದ ಹಾಗೆ ಕಣೇ" ಎಂದೆ ಹೆಮ್ಮೆಯಿಂದ.

"ಅದನ್ನ ನಾನು ಹತ್ತು ವರ್ಷದಿಂದ ಮಾಡ್ತಿದೀನಿ. ಒಂದು ದಿನವಾದ್ರೂ ಇಡ್ಲಿ ಹಂಚಿ ಮೇಲೆ ಬಿದ್ದಿದೆಯಾ?"

ಲಿಫ್ಟು ಹೇಳಿದ್ದು

ಗುರುವಾರ ನನ್ನ ಇಡ್ಲಿ ಹಂಚಿನ ಮೇಲೆ ಬಿತ್ತು. ಅವಸರದಲ್ಲಿ, ಡೇರಿಯ ಬೋರ್ಡಿನ ಹೆಸರಿದ್ದ ಆ ಒಂದು ಸಾಲು ಬದಲಿಸುವುದನ್ನೇ ಮರೆತು, ಫೈಲಿಗೆ ಮಾತ್ರ 'ಲಿಫ್ಟ್' ಎಂದು ಹೆಸರಿಟ್ಟು ಕೊಟ್ಟೆ. ಶುಕ್ರವಾರ ಬೆಳಿಗ್ಗೆ ಬಾಸ್ ಅದನ್ನು ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟಿಗೆ ಒಯ್ದರು. ಸೊಸೈಟಿಯ ಸೆಕ್ರೆಟರಿ ಲಿಫ್ಟ್ ಹತ್ತಿದರು, ಜೊತೆಗೆ ಕ್ಯಾನ್ ಹಿಡಿದ ಹಾಲಿನ ಭಯ್ಯಾ. ಪರದೆಯ ಮೇಲೆ 'ಮೈನಸ್ ಹದಿನೆಂಟು' ಮೂಡಿತು. ಆಮೇಲೆ ಲಿಫ್ಟು ಹಿಂದಿಯಲ್ಲಿ ಕೂಗಿತಂತೆ: "ಬಾಗಿಲು ತೆರೆದಿದೆ! ಹಾಲು ಕೆಡುತ್ತದೆ!"

ಭಯ್ಯಾ ಬೆಚ್ಚಿಬಿದ್ದು, ಬೆಳಗಿನ ಜಾವ ಕರೆದ ಹಾಲು ಎಂದು ಆಣೆಯಿಟ್ಟನಂತೆ.

ಆಫೀಸಿನಿಂದ ಈ ಸುದ್ದಿ ಕೇಳಿದ್ದ ನಾನು ಸೂಟ್‌ಕೇಸ್ ಪಕ್ಕ ಕೂತು, ಕೆಲಸವೇ ಹೋಯಿತೆಂದುಕೊಂಡು ಬಾಸ್ ಫೋನ್ ಎತ್ತಿದೆ. ಅವರು ಖುಷಿಯಿಂದ ಕುಣಿಯುತ್ತಿದ್ದರು. "ಅರೇ, ಸೆಕ್ರೆಟರಿಗೆ ಭಾರೀ ಇಷ್ಟವಾಗಿದೆ! ಒಳಗೆ ಹಾಲಿದೆ ಅಂತ ಲಿಫ್ಟಿಗೆ ಹೇಗೆ ಗೊತ್ತಾಯ್ತು ಅಂತಾರೆ. ಸೋಮವಾರದೊಳಗೆ ಅಲ್ಲಿನ ಆರೂ ಟವರಿಗೆ ಬೇಕಂತೆ, ತರಕಾರಿ ಕೆಟ್ಟರೂ ಹೇಳಬೇಕಂತೆ. ಒಂದೇ ಸೆಟಪ್ ಅಲ್ವಾ? ಚಲೋ, ರಜೆ ಮುಂದಿನ ತಿಂಗಳು!"

ಫೋನಿಟ್ಟು ತಲೆಯೆತ್ತಿದೆ. ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಮಗಳಿಗೆ ಚಪ್ಪಲಿ ಹಾಕಿಸಿ, ಸೂಟ್‌ಕೇಸ್ ಎಳೆದುಕೊಂಡು ಬಾಗಿಲು ದಾಟಿದಳು.

"ಫ್ರಿಜ್ಜಲ್ಲಿ ಎರಡು ಪ್ಯಾಕೆಟ್ ಹಾಲಿದೆ," ಎಂದಳು. "ಕೆಟ್ಟರೆ ನಿಮ್ಮ ಲಿಫ್ಟು ಹೇಳುತ್ತಲ್ಲ."