ಅಮೆರಿಕ ಬೇಕಾ ಅಂತ ಒಂದೇ ಸಲ ಕೇಳಿದರು

ಇಬ್ಬರು ಕನಸುಗಾರರ ನಡುವೆ ಮೇಜು ಸಿಕ್ಕಿದವನಿಗೆ ಪೇಚಿನ ಪ್ರಸಂಗಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಎರಡು ಸಾವಿರದ ಏಳೆಂಟರ ಸುಮಾರಿಗೆ ನಾನು ಸ್ವೀಡನ್ನಿನ ನಾರ್‌ಶೋಪಿಂಗ್‌ನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿದ್ದೆ. ಎಡಕ್ಕೊಬ್ಬ ಅಮೆರಿಕದವನು, ಯೂರೋಪೇ ಸ್ವರ್ಗ ಎಂದು ಊರು ಬಿಟ್ಟು ಬಂದಿದ್ದ. ಬಲಕ್ಕೊಬ್ಬ ಸ್ವೀಡನ್ನಿನವನು, ಅಮೆರಿಕವೇ ಸ್ವರ್ಗ ಎಂದು ನಂಬಿದ್ದ, ಒಮ್ಮೆಯೂ ಹೋಗಿರಲಿಲ್ಲ. ಮಧ್ಯದಲ್ಲಿ ಬೆಂಗಳೂರಿನ ನಾನು. ನನಗೆ ಸ್ವರ್ಗದ ಯೋಚನೆ ಇರಲಿಲ್ಲ. ಮೇ ತಿಂಗಳಿಗೆ ವರ್ಕ್ ಪರ್ಮಿಟ್ ಮುಗಿಯುತ್ತಿತ್ತು, ನಮ್ಮ ಪ್ರಾಜೆಕ್ಟ್ ಅದಕ್ಕೂ ಮೊದಲೇ ಮುಗಿಯುವ ಹಾಗಿತ್ತು. ಇನ್ನು ಮನೆಯಲ್ಲಿ ನನ್ನ ಹೆಂಡತಿ, ಮಧ್ಯಾಹ್ನ ಮೂರೂವರೆಗೆ ಕತ್ತಲಾಗುವ ಊರಲ್ಲಿ ಮತ್ತೊಂದು ಚಳಿಗಾಲ ಕಳೆಯಲಾರೆ ಎಂದು ಸಾರಿಬಿಟ್ಟಿದ್ದಳು.

"ರೀ, ಬೆಂಗ್ಳೂರಾದ್ರೂ ಓಕೆ, ಅಮೆರಿಕಾ ಆದ್ರೂ ಓಕೆ. ನಂಗೆ ಸೂರ್ಯ ಕಾಣ್ಬೇಕು ಅಷ್ಟೆ."

ಕೂಡಿ ಬಟ್ಟೆ ಒಗೆಯುವ ಸುಖ

ಅಮೆರಿಕದವನು ನಮ್ಮ ಕಟ್ಟಡದಲ್ಲೇ ಇದ್ದ. ಅಲ್ಲಿ ಎಲ್ಲ ಮನೆಗಳಿಗೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ಯಾರು ಯಾವ ಹೊತ್ತಿಗೆ ಎಂದು ಮೊದಲೇ ಬುಕ್ ಮಾಡಿಕೊಳ್ಳಬೇಕು.

"ನಮ್ಮಲ್ಲಿ ಮನೆಗೊಂದು ಮೆಷಿನ್, ಪಕ್ಕದ ಮನೆಯವನ ಮುಖ ಗೊತ್ತಿಲ್ಲ. ಇಲ್ಲಿ ನೋಡು, ಎಲ್ಲರೂ ಒಂದೇ ಕುಟುಂಬ!" ಎಂದು ಅವನು ಕಣ್ಣು ತುಂಬಿಕೊಂಡ.

ಆ ಭಾವುಕತೆಯಲ್ಲೇ ಒಂದು ದಿನ, ಮೂರನೇ ಮಹಡಿಯ ಅಜ್ಜಿ ಬಟ್ಟೆ ಒಗೆಯುವ ಹೊತ್ತಿಗೆ ಒಂದು ತಟ್ಟೆ ಬಿಸ್ಕತ್ತು ಹಿಡಿದು ಕೆಳಗಿಳಿದ. ಅರ್ಧ ಗಂಟೆ ಇವನೊಬ್ಬನೇ ಮಾತಾಡಿದನಂತೆ. ಮರುದಿನ ಅವನ ಬಾಗಿಲಿಗೆ ಅಜ್ಜಿಯ ಕೈಬರಹದ ಚೀಟಿ ಅಂಟಿತ್ತು. ಅವನಿಗೆ ಸ್ವೀಡಿಷ್ ಬಾರದು, ಕುಣಿಯುತ್ತಾ ನನ್ನ ಹತ್ತಿರ ತಂದ. ಓದಿದೆ. 'ಬೇರೆಯವರು ಬುಕ್ ಮಾಡಿದ ಹೊತ್ತಿನಲ್ಲಿ ಒಳಗೆ ಬರಕೂಡದು. ನೆಲದ ಮೇಲೆ ಬಿಸ್ಕತ್ತಿನ ಪುಡಿ ಬಿದ್ದಿತ್ತು. ಗುಡಿಸತಕ್ಕದ್ದು.'

"ಏನಂತೆ?"

ಅವನ ಮುಖ ನೋಡಿ ನಿಜ ಹೇಳಲು ಮನಸ್ಸು ಬರಲಿಲ್ಲ. "ನಿನ್ನ ಬಿಸ್ಕತ್ತಿನ ಬಗ್ಗೆ ಬರೆದಿದ್ದಾರೆ," ಎಂದೆ.

ಆ ಚೀಟಿಗೆ ಅವನು ಕಟ್ಟು ಹಾಕಿಸಿದ. ಅಮ್ಮನಿಗೆ ಫೋಟೋ ಕಳಿಸಿದನಂತೆ.

ಉದ್ದದ ಕಾರು

ಸ್ವೀಡನ್ನಿನವನ ಹತ್ತಿರ ಅಮೆರಿಕದ ಒಂದು ಹಳೇ ಕಾರಿತ್ತು. ನಮ್ಮ ಸಿಟಿ ಬಸ್ಸಿಗೆ ನಾಲ್ಕು ಅಡಿ ಕಡಿಮೆ ಇದ್ದಿರಬೇಕು. ಅವನೊಬ್ಬನೇ ಅಲ್ಲ, ಆ ದೇಶದಲ್ಲಿ ಇಂಥ ಕಾರಿನ ಹುಚ್ಚು ಹಿಡಿದವರು ಬೇಕಾದಷ್ಟು ಜನ. ಶನಿವಾರ ದೊಡ್ಡ ಟೋಪಿ ಹಾಕಿಕೊಂಡು ಊರೊಳಗೆ ನಿಧಾನವಾಗಿ ಸುತ್ತುವುದು, ಅಷ್ಟೇ ಕೆಲಸ. ಒಂದು ಶನಿವಾರ ನನ್ನನ್ನೂ ಅಮೆರಿಕದವನನ್ನೂ ಹತ್ತಿಸಿಕೊಂಡ.

"ಅಮೆರಿಕದಲ್ಲಿ ಎಲ್ಲರೂ ಹೀಗೇ ಓಡಾಡೋದು," ಎಂದು ಹೆಮ್ಮೆಯಿಂದ ನನಗೆ ವಿವರಿಸಿದ.

ಹಿಂದಿನ ಸೀಟಿನಿಂದ ಅಮೆರಿಕದವನು ಮೆತ್ತಗೆ ಹೇಳಿದ: "ಇಂಥ ಕಾರಿನಲ್ಲಿ ನಾನು ಕೂತಿದ್ದು ಇದೇ ಮೊದಲು. ನಮ್ಮಮ್ಮನ ಹತ್ತಿರ ಇರೋದು ಸ್ವೀಡನ್ನಿನ ಕಾರು."

ಕಾರಿನವನು ಟೋಪಿ ತೆಗೆದು ಪಕ್ಕಕ್ಕಿಟ್ಟ.

ಹೊಟ್ಟೆ ತುಂಬಿದೆ

ಅದೇ ದಿನ ಕಾರಿನವನ ಮನೆಗೆ ಹೋದೆವು. "ಊಟ ಮಾಡ್ತೀರಾ?" ಎಂದು ಕೇಳಿದ. ಅಮೆರಿಕದವನು ಥಟ್ಟನೆ ಹೂಂ ಎಂದ. ನಾನು ನಮ್ಮ ಪದ್ಧತಿಯಂತೆ, "ಅಯ್ಯೋ ಬೇಡಪ್ಪ, ಹೊಟ್ಟೆ ತುಂಬಿದೆ," ಎಂದೆ. ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ಏನೂ ಬಿದ್ದಿರಲಿಲ್ಲ. ನಮ್ಮಲ್ಲಾದರೆ ಎರಡನೇ ಸಲ ಒತ್ತಾಯ ಮಾಡುತ್ತಾರೆ, ಆಗಲೂ ಬೇಡ ಅನ್ನಬೇಕು. ಮೂರನೇ ಸಲಕ್ಕೆ, "ನೀವು ಇಷ್ಟು ಹೇಳಿದ ಮೇಲೆ..." ಎಂದು ಕೈ ತೊಳೆಯಬೇಕು. ಕಾರಿನವನು, "ಸರಿ," ಎಂದ. ಅವರಿಬ್ಬರೂ ಆಲೂಗಡ್ಡೆ ಮುಗಿಸುವುದನ್ನು ನಾನು ಎದುರಿಗೆ ಕೂತು ನೋಡಿದೆ.

ಮನೆಗೆ ಬಂದು ತಣ್ಣನೆ ಚಿತ್ರಾನ್ನ ಬಾಚಿ ಬಾಚಿ ತಿನ್ನುವಾಗ ಹೆಂಡತಿ ಕೇಳಿದಳು: "ಸ್ನೇಹಿತ್ರ ಮನೇಲಿ ಊಟ ಚೆನ್ನಾಗಿತ್ತಾ?"

ಒಂದು ಹುದ್ದೆ

ಫೆಬ್ರವರಿಯಲ್ಲಿ ಸುದ್ದಿ ಬಂತು. ನಮ್ಮ ಕಂಪನಿಯ ಅಮೆರಿಕದ ಆಫೀಸಿನಲ್ಲಿ ಎರಡು ವರ್ಷಕ್ಕೆ ಒಂದು ಹುದ್ದೆ ಖಾಲಿ ಇದೆ. ಎಡಗಡೆಯವನು, "ಹೋಗಬೇಡ, ಅಲ್ಲಿ ಹಾಲು ತರೋಕೂ ಕಾರು ತೆಗೀಬೇಕು," ಎಂದ. ಬಲಗಡೆಯವನು, "ಹಾಲು ತರೋಕೂ ಕಾರು ತೆಗೀಬಹುದು!" ಎಂದು ನಿಟ್ಟುಸಿರು ಬಿಟ್ಟ. ನನ್ನ ಹೆಂಡತಿ ಆ ಆಫೀಸಿದ್ದ ಊರಿನಲ್ಲಿ ವರ್ಷಕ್ಕೆಷ್ಟು ದಿನ ಬಿಸಿಲು ಎಂದು ಹುಡುಕಿಟ್ಟಿದ್ದಳು. ಬೆಂಗಳೂರಿನ ಅಕ್ಕನಿಗೆ ಫೋನ್ ಮಾಡಿ, "ಆಲ್ಮೋಸ್ಟ್ ಪಕ್ಕಾ ಕಣೇ," ಎಂದೂ ಹೇಳಿಯಾಗಿತ್ತು.

ಮೀಟಿಂಗ್ ಕರೆದರು. ನಮ್ಮ ಮ್ಯಾನೇಜರಮ್ಮ ಬಹಳ ಒಳ್ಳೆಯ ಹೆಂಗಸು. ಕಾಫಿ ಕೊಟ್ಟು, ನನ್ನ ಕಡೆ ತಿರುಗಿ, "ನಿನ್ನ ಪರ್ಮಿಟ್ ಮುಗೀತಾ ಇದೆ, ಅದಕ್ಕೇ ಮೊದಲು ನಿನ್ನನ್ನೇ ಕೇಳ್ತೀನಿ. ನೀನು ಹೋಗ್ತೀಯಾ?" ಎಂದರು.

ಎದೆ ತುಂಬಿ ಬಂತು. ಹೂಂ ಎನ್ನಬೇಕು, ಅಷ್ಟೇ. ಆದರೆ ಮೂವತ್ತೈದು ವರ್ಷದ ಸಂಸ್ಕಾರ ಬಾಯಲ್ಲಿ ಕೂತಿತ್ತು. "ಅಯ್ಯೋ, ನನಗ್ಯಾಕೆ ಬಿಡಿ. ಇವನಿಗೆ ಪಾಪ ಆಸೆಯಿದೆ, ಇವನೇ ಹೋಗಲಿ," ಎಂದು ಬಲಗಡೆಯವನನ್ನು ತೋರಿಸಿದೆ. ಎರಡನೇ ಸಲ ಕೇಳಲಿ ಎಂದು ಕಾಯುತ್ತಾ ಕೂತೆ.

ಅವರು ಬರೆದುಕೊಂಡರು. ಸ್ವೀಡನ್ನಿನವನು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟ. ಮ್ಯಾನೇಜರಮ್ಮ ಮುಂದಿನ ವಿಷಯಕ್ಕೆ ಹೋದರು. ಕಾಫಿ ಮೆಷಿನ್ ತೊಳೆಯುವ ಸರದಿ ಯಾರದು?

ಅದನ್ನೂ ಮೊದಲು ನನ್ನನ್ನೇ ಕೇಳಿದರು.

ಹೂಂ ಅನ್ನೋದು ಕಲಿತೆ

ಹೆಂಡತಿ ಬೈಯಲಿಲ್ಲ. ಕಿಟಕಿಯಾಚೆ ಕತ್ತಲು ನೋಡುತ್ತಾ ಕೂತಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಎರಡು ದಿನ ಬಿಟ್ಟು ಅವಳು ಹೇಳಿದ್ದು ಒಂದೇ ಮಾತು: "ಇನ್ಮೇಲೆ ಯಾರು ಏನು ಕೇಳಿದ್ರೂ ಮೊದ್ಲು ಹೂಂ ಅನ್ನಿ."

ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಹೋದ ಬಲಗಡೆಯವನ ಮೇಲ್ ಬಂತು. 'ಇಲ್ಲಿ ಎಲ್ಲರೂ ನನ್ನನ್ನು ಕೇಳುವುದು ಒಂದೇ, ಅಂಥ ಸ್ವರ್ಗ ಬಿಟ್ಟು ಯಾಕೆ ಬಂದೆ ಅಂತ.' ಎಡಗಡೆಯವನು ಅದನ್ನು ಓದಿ, "ಸರಿಯಾಗೇ ಕೇಳಿದ್ದಾರೆ," ಎಂದ. ಪರ್ಮಿಟ್‌ಗೆ ಇನ್ನು ನಾಲ್ಕು ವಾರ ಉಳಿದಿತ್ತು. ಅಷ್ಟರಲ್ಲಿ ಮ್ಯಾನೇಜರಮ್ಮ ನನ್ನ ಮೇಜಿಗೇ ಬಂದರು.

"ಇನ್ನೊಂದು ಜಾಗ ಖಾಲಿ ಇದೆ, ಪರ್ಮಿಟ್ ಕೂಡ ಮುಂದುವರಿಯುತ್ತೆ, ನಿನಗೆ..."

"ಹೂಂ!" ಎಂದೆ.

"ಲುಲೆಯೊದಲ್ಲಿ," ಎಂದರು. ಆ ಊರು ದೇಶದ ಉತ್ತರದ ತುದಿಗೆ, ಹೆಚ್ಚುಕಡಿಮೆ ಧ್ರುವದ ಪಕ್ಕಕ್ಕೇ ಇದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಸೂರ್ಯ ಮುಳುಗುತ್ತಾನೆ. "ಯಾರೂ ಒಪ್ಪಲಿಲ್ಲ. ನಿಜವಾಗಿಯೂ ಹೋಗ್ತೀಯಾ?"

"ಹೂಂ," ಎಂದೆ.

"ಹೆಂಡತಿಯನ್ನು ಕೇಳಿ ಹೇಳು ಬೇಕಾದರೆ. ಹೋಗ್ತೀಯಾ?"

"ಹೂಂ."

ಮನೆಯಲ್ಲಿ ವಿಷಯ ಹೇಳಿದೆ. ಈ ಸಲ ಅವಳು ಬೈದಳು, ತೃಪ್ತಿಯಾಗುವಷ್ಟು. ಕೊನೆಗೆ, "ಊರಿನ ಹೆಸ್ರು ಕೇಳಿದ್ಮೇಲಾದ್ರೂ ಬೇಡ ಅನ್ನೋಕೆ ಏನಾಗಿತ್ರೀ ನಿಮ್ಗೆ?" ಎಂದಳು.

"ಮೂರು ಸಲ ಕೇಳಿದ್ರು ಕಣೇ," ಎಂದೆ. "ಮೂರನೇ ಸಲ ಕೇಳಿದ್ಮೇಲೂ ಬೇಡ ಅಂದ್ರೆ ಚೆನ್ನಾಗಿರುತ್ತಾ?"